ನವರಸಪುರ: ರಾಜಧಾನಿಯ ಮಗ್ಗುಲಲ್ಲಿದ್ದ ಊರು



ಸೊಲ್ಲಾಪುರ ರಸ್ತೆಯ ಕಡೆ ಓದಲು ಬರುವ ನಿಮ್ಮಲ್ಲಿ ಅನೇಕರು ತಿಕೋಟಾ ಭಾಗದವರು. ದಿನವೂ ನೀವು ತೊರವಿಯನ್ನು ದಾಟಿ ಬರುತ್ತೀರಿ. ಅಲ್ಲಿ ಪಾಳುಬಿದ್ದು ನಿಂತಿರುವ ಎತ್ತರದ ಕಮಾನಿನ ಸಂಗೀತ ಮಹಲನ್ನು ಎಂದಾದರೂ ಬಸ್ಸಿಳಿದು ನೋಡಿದ್ದೀರಾ?

ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ಬಗ್ಗೆ ನಾವು ಬಹಳ ಓದುತ್ತೇವೆ. ಆದರೆ ಒಂದು ರಾಜಧಾನಿ ತನ್ನ ಹೊರವಲಯದ ಊರುಗಳಿಂದಲೇ ಬದುಕುತ್ತದೆ ಎಂಬುದನ್ನು ಮರೆಯುತ್ತೇವೆ. ಒಂದನೇ ಅಲಿ ಆದಿಲ್ ಶಾಹ 1565ರಲ್ಲಿ ವಿಜಯಪುರದ ಕೋಟೆಗೋಡೆಯನ್ನು ಪೂರ್ಣಗೊಳಿಸಿದನು. ಗೋಡೆ ಶತ್ರುವನ್ನು ತಡೆಯಬಹುದು, ಬಾಯಾರಿಕೆಯನ್ನು ತಡೆಯಲಾರದು. ನೀರು ಬಂದದ್ದು ತೊರವಿಯಿಂದ. ಅಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೆ ಕಾಲುವೆ ಕೊರೆದು, ನಡುನಡುವೆ ಗಾಳಿಬಾವಿ ತೋಡಿ, ಇಳಿಜಾರಿನ ಬಲದಿಂದಲೇ ನೀರನ್ನು ನಗರಕ್ಕೆ ಹರಿಸಿದರು. ಪರ್ಷಿಯಾದಲ್ಲಿ ಬಳಕೆಯಲ್ಲಿದ್ದ ಕರೇಜ್ ಪದ್ಧತಿ ಇದು.

ಇದೇ ತೊರವಿಯ ಬಳಿ ಎರಡನೇ ಇಬ್ರಾಹಿಂ ಆದಿಲ್ ಶಾಹ (1580-1627) 1599ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದನು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಬರೆದ, ಜಗದ್ಗುರು ಎಂದು ಕರೆಯಿಸಿಕೊಂಡ ಸುಲ್ತಾನನು ಊರಿಗೂ ಅದೇ ಹೆಸರನ್ನಿಟ್ಟನು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವಿಯೇ ಅವನ ಸಂಗೀತದ ಊರಿಗೂ ನೆಲ ಕೊಟ್ಟಿತು ಎಂಬುದನ್ನು ಗಮನಿಸಿರಿ.

ಆದರೆ ನವರಸಪುರದ ಕೋಟೆಗೋಡೆ ಪೂರ್ಣವಾಗಲಿಲ್ಲ. 1624ರಲ್ಲಿ ಭಾತವಡಿ ಯುದ್ಧದಲ್ಲಿ ಗೆದ್ದ ಅಹಮದನಗರದ ಮಲಿಕ್ ಅಂಬರ್ ವಿಜಯಪುರದತ್ತ ನುಗ್ಗಿ ಬಂದನು. ರಾಜಧಾನಿಗೆ ಕೋಟೆಯ ರಕ್ಷಣೆಯಿತ್ತು, ಮಗ್ಗುಲ ಊರಿಗೆ ಇರಲಿಲ್ಲ. ನವರಸಪುರ ಲೂಟಿಯಾಯಿತು. ನಗರಕ್ಕೆ ನೀರು ಕೊಟ್ಟ ನೆಲವೇ ನಗರದ ಪಾಲಿನ ಪೆಟ್ಟನ್ನೂ ತಿಂದಿತು.

ಇದಕ್ಕೆ ಹೋಲುವ ಊರೊಂದು ದೂರದ ಉತ್ತರ ಆಫ್ರಿಕಾದಲ್ಲಿದೆ. ಟ್ಯುನೀಷಿಯಾದ ರಾಜಧಾನಿ ಟ್ಯೂನಿಸ್ ಹೊರವಲಯದ ಪುರಸಭೆ ಬಾರ್ದೋ. 15ನೇ ಶತಮಾನದಲ್ಲಿ ಹಫ್ಸಿ ಸುಲ್ತಾನರು ಅಲ್ಲಿ ಅರಮನೆ, ತೋಟಗಳನ್ನು ಮಾಡಿಸಿದ್ದರು. ಮುಂದೆ ಬೇಗಳು ಅಲ್ಲಿಂದ ಆಡಳಿತ ನಡೆಸಿದರು. 1881ರ ಬಾರ್ದೋ ಒಪ್ಪಂದದಿಂದ ದೇಶ ಫ್ರೆಂಚರ ಕೈಗೆ ಹೋಯಿತು. ಆದರೂ ಅರಮನೆ ಹಾಳಾಗಲಿಲ್ಲ. 1888ರಲ್ಲಿ ಅದರ ಒಂದು ಭಾಗ ವಸ್ತುಸಂಗ್ರಹಾಲಯವಾಯಿತು. ಅಲ್ಲಿಯ ರೋಮನ್ ಮೊಸಾಯಿಕ್ ಚಿತ್ರಗಳು ಇಂದು ಜಗತ್ಪ್ರಸಿದ್ಧ.

ಎರಡೂ ಊರುಗಳು ಸೋಲನ್ನು ಕಂಡವು. ಒಂದು ಉಪಯೋಗದಲ್ಲಿದ್ದು ಉಳಿಯಿತು, ಇನ್ನೊಂದು ಬಳಕೆ ತಪ್ಪಿ ಪಾಳುಬಿದ್ದಿತು. ಕಟ್ಟಡವನ್ನು ಕಾಯುವುದು ಕಲ್ಲುಗಾರೆ ಮಾತ್ರವಲ್ಲ, ಅದರ ಬಳಿಗೆ ಬರುವ ಜನ.

ಇಂದು ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಸುಲ್ತಾನನು ಸಂಗೀತಕ್ಕಾಗಿ ಆರಿಸಿದ ನೆಲದಲ್ಲಿ ನಮ್ಮ ಹೆಣ್ಣುಮಕ್ಕಳು ವಿದ್ಯೆ ಕಲಿಯುತ್ತಿರುವುದು ಸಂತೋಷದ ಸಂಗತಿ. ಮಿತ್ರರೇ, ಬರುವ ರಜೆಯ ಒಂದು ದಿನ ತೊರವಿಗೆ ಹೋಗಿರಿ. ಗೆಳೆಯರನ್ನೂ ಕರೆದುಕೊಂಡು ಹೋಗಿರಿ. ಮಹಲಿನ ಕಮಾನನ್ನು ಚಿತ್ರಿಸಿರಿ, ಸುರಂಗ ಬಾವಡಿಯ ಬಗ್ಗೆ ಊರ ಹಿರಿಯರನ್ನು ಕೇಳಿ ಬರೆದುಕೊಳ್ಳಿರಿ. ಬಾವಿಯ ಬಾಯಿಗೆ ಕಸ ಹಾಕುವವರಿದ್ದರೆ ವಿನಯದಿಂದ ತಡೆಯಿರಿ. ಅಪೂರ್ಣವಾಗಿ ಉಳಿದ ಆ ಗೋಡೆಯ ಕೆಲಸದಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಇಷ್ಟು.