ಆ ದೀಪದ ಬೆಳಕು ಯಾರದು?

ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನ ಜಗನ್ಮೋಹನ ಅರಮನೆಯನ್ನು ನೋಡಿಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿನ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವೊಂದಿದೆ. 'ಗ್ಲೋ ಆಫ್ ಹೋಪ್' ಎಂದು ಅದರ ಹೆಸರು. ಬರೆದವರು ಯಾರೆಂದು ಮಗಳು ಕೇಳಿದಾಗ, ಅನುಮಾನವೇ ಇಲ್ಲದೆ 'ರವಿವರ್ಮ' ಎಂದುಬಿಟ್ಟಿದ್ದೆ. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನ.

ರಾಜಾ ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ರಚಿತವಾದುದು 1945-46ರ ಸುಮಾರಿಗೆ. ರವಿವರ್ಮರ ಕೃತಿಗಳೂ ಅದೇ ಚಿತ್ರಶಾಲೆಯಲ್ಲಿರುವುದರಿಂದ ಇಂಥ ಗೊಂದಲ ಸಹಜ. ನಿಜವಾದ ಕರ್ತೃ ಎಸ್. ಎಲ್. ಹಲ್ದಂಕರ್. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿದವರು. ನಮ್ಮ ಈ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಇಲ್ಲಿಯೇ ಸ್ವಂತ ಕಲಾಶಾಲೆಯನ್ನು ತೆರೆದರು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ.

ಇನ್ನೊಂದು ಅಚ್ಚರಿಯೆಂದರೆ, ಇದು ತೈಲಚಿತ್ರವಲ್ಲ, ಜಲವರ್ಣ. ತೈಲವರ್ಣದಲ್ಲಿ ಕತ್ತಲೆಯ ಮೇಲೆ ಬೆಳಕನ್ನು ಬಳಿಯಬಹುದು. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು. ಜಲವರ್ಣದಲ್ಲಿ ಆ ಅನುಕೂಲವಿಲ್ಲ. ತೆಳುವಾದ ಬಣ್ಣದ ಮೂಲಕ ಹಾದುಹೋದ ಬೆಳಕು ಬಿಳಿಯ ಕಾಗದಕ್ಕೆ ತಾಗಿ ಹಿಂದಿರುಗಿ ನಮ್ಮ ಕಣ್ಣು ಸೇರುತ್ತದೆ. ಆದುದರಿಂದ ಬೆಳಕು ಬೇಕಾದಲ್ಲಿ ಕೈ ತಡೆದು, ಸುತ್ತಲಿನ ಕತ್ತಲೆಯನ್ನು ಪದರ ಪದರವಾಗಿ ಕಟ್ಟಬೇಕು. ಹಲ್ದಂಕರರಿಗೆ ಆಗ ಅರುವತ್ತು ದಾಟಿತ್ತು. ಕೈ ಮಾತ್ರ ತಪ್ಪಲಿಲ್ಲ.

ದೀಪಕ್ಕೆ ಅಡ್ಡ ಹಿಡಿದ ಆ ಬೆರಳುಗಳನ್ನು ಗಮನಿಸಿ. ಅಂಗೈಯ ಹಿಂದೆ ಟಾರ್ಚ್ ಹಿಡಿದರೆ ಬೆರಳ ಅಂಚು ಕೆಂಪಗೆ ಕಾಣುತ್ತದೆ. ರಕ್ತಮಾಂಸದ ಮೂಲಕ ಹೆಚ್ಚಾಗಿ ಹಾಯುವುದು ಕೆಂಪು ಬೆಳಕೇ. ಕಲಾವಿದರು ಅದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಬೆಳಕು ಕೆಳಗಿನಿಂದ ಮುಖಕ್ಕೆ ಏರಿ, ಸೀರೆಯ ನೆರಿಗೆಗಳಲ್ಲಿ ಇಳಿದು ಕರಗುತ್ತದೆ. ಮುಖದಲ್ಲಿ ನಗುವಿಲ್ಲ, ದುಃಖವೂ ಇಲ್ಲ. ದೀಪ ಆರಬಾರದೆಂಬ ಒಂದೇ ಎಚ್ಚರ. ನಮ್ಮ ತಾಯಂದಿರು ಮುಸ್ಸಂಜೆ ದೇವರ ಮನೆಯಿಂದ ಹೊಸಿಲಿಗೆ ದೀಪ ತರುವಾಗ ನಾವು ಕಂಡ ಎಚ್ಚರವೂ ಇದೇ ಅಲ್ಲವೇ?

ಹಲ್ದಂಕರರು 1968ರಲ್ಲಿ ನಿಧನರಾದರು. ಗೀತಾ ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಮುಂಬಯಿಯ ತಂದೆ-ಮಗಳು ಬೆಳಗಿಸಿದ ದೀಪ ಇಂದಿಗೂ ಮೈಸೂರಿನಲ್ಲಿ ಉರಿಯುತ್ತಿದೆ. ಮುಂದಿನ ಸಲ ಮಕ್ಕಳನ್ನು ಆ ಚಿತ್ರದ ಮುಂದೆ ನಿಲ್ಲಿಸಿದಾಗ ಸರಿಯಾದ ಹೆಸರನ್ನೇ ಹೇಳೋಣ. ರವಿವರ್ಮರ ಕೀರ್ತಿಗೆ ಅದರಿಂದ ಕುಂದಿಲ್ಲ. ಹಲ್ದಂಕರರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ.