ಗಂಜಿ ಹೊಟ್ಟಿಗೋ, ಬಟ್ಟಿಗೋ?

ಮೊನ್ನೆ ಎದುರು ಮನಿ ಸೊಸಿ ಕಾಟನ್ ಸೀರಿ ಹಿಡಕೊಂಡು ಬಂದು, "ಕಾಕು, ಇದಕ್ಕ ಅಂಗಡಿ ಸ್ಟಾರ್ಚ್ ಹಾಕಲ್ಯೋ, ಮನಿ ಗಂಜಿ ಹಾಕಲ್ಯೋ?" ಅಂತ ಕೇಳಿದ್ಲು. ಎರಡರದೂ ಕೆಲಸ ಒಂದ ನೋಡವಾ ಅಂದೆ. ಆಮ್ಯಾಲೆ ಕೂತು ಇಬ್ರೂ ಬಹಳ ಹೊತ್ತು ಗಂಜಿ ಕತಿನ ಮಾತಾಡಿದ್ವಿ.

ಗಿಡ ಮುಂದಿನ ದಿನಕ್ಕ ಅಂತ ಕಾಳಿನಾಗ, ಗಡ್ಡ್ಯಾಗ ಕೂಡಿಡೋ ಬುತ್ತಿನ ಪಿಷ್ಟ. ಅಕ್ಕಿ, ಗೋಧಿ, ಆಲೂಗಡ್ಡಿ, ಮರಗೆಣಸು ಎಲ್ಲಾದರಾಗೂ ಅದು ಐತಿ. ಕುದಿಯೋ ನೀರಾಗ ಅದರ ಸಣ್ಣ ಕಣ ನೀರು ಕುಡದು, ಉಬ್ಬಿ ಒಡದು ಅಂಟಾಗತಾವ. ಉಂಡ್ರ ಮೈಯಾಗ ಕಸುವು, ಅರಬಿಗೆ ಹಚ್ಚಿ ಒಣಗಿಸಿದ್ರ ಬಿಗಿ. ನೇಕಾರರು ಹಾಸಿನ ನೂಲಿಗೆ ಗಂಜಿ ಕುಡಿಸೋದೂ ಇದಕ್ಕ. ಇಲ್ಲಂದ್ರ ಮಗ್ಗದಾಗ ತಿಕ್ಕಿ ತಿಕ್ಕಿ ಎಳಿ ಹರೀತಾವ.

ಇಂಗ್ಲಿಷಿನ 'ಸ್ಟಾರ್ಚ್' ಅನ್ನೋ ಮಾತಿನ ಮೂಲ ಅರ್ಥ ಬಿರುಸು, ಸೆಟೆದದ್ದು ಅಂತ. ಅವರು ಬಟ್ಟಿ ನೋಡಿ ಹೆಸರಿಟ್ರು, ನಾವು ಹೊಟ್ಟಿ ನೋಡಿ ಇಟ್ವಿ. ನಮ್ಮ ದಕ್ಷಿಣದ ಗಂಜಿ ಅವರ ಭಾಷಿಗೂ 'ಕಾಂಜಿ' ಆಗಿ ಹೋತು. ಇಲ್ಲಿದ್ದ ಅವರ ಪಲ್ಟನ್ನಿನ ಸೆರಿಮನಿಗೆ 'ಕಾಂಜಿ ಹೌಸ್' ಅಂತಿದ್ರು. ಒಳಗಿದ್ದವರಿಗೆ ಗಂಜಿನ ಊಟ!

ಅವರ ದೇಶದಾಗ ಗಂಜಿ ಅಂದ್ರ ದೊಡ್ಡಸ್ತಿಕಿ. ಮೊದಲನೇ ಎಲಿಜಬೆತ್ ರಾಣಿ ಕಾಲಕ್ಕ ಶ್ರೀಮಂತರು ಕುತ್ತಿಗಿ ಸುತ್ತ ತಾಟಿನಂಥ ನಿರಿಗಿ ಕಾಲರ್ ಹಾಕತಿದ್ರು. ಗಂಜಿ ಇಲ್ಲದ ಅದು ನಿಲ್ಲತಿರಲಿಲ್ಲ. 1564ರಾಗ ಡಿಂಗೆನ್ ವಾನ್ ಡರ್ ಪ್ಲಾಸೆ ಅನ್ನೋ ಹೆಣ್ಣುಮಗಳು ಗಂಡನ ಜೋಡಿ ಪರದೇಶದಿಂದ ಲಂಡನ್ನಿಗೆ ಬಂದು, ಗಂಜಿ ಹಾಕೋದು ಕಲಿಸೋಕ ನಾಕೈದು ಪೌಂಡ್ ತಗೋತಿದ್ಲು. ಆ ಕಾಲಕ್ಕ ಅದು ಸಣ್ಣ ರೊಕ್ಕ ಅಲ್ಲ. ನಾವು ಪುಕ್ಕಟ ಮಾಡೋ ಕೆಲಸಕ್ಕ ನೋಡ್ರಿ!

ಮುಂದ ಕೂದಲಿಗೂ ಪಿಷ್ಟದ ಪುಡಿ ಬಂತು. ಬಿಳಿ ಕೂದಲು ಅಂದ್ರ ಗೌರವ. 1795ರಾಗ ಅಲ್ಲಿ ಗೋಧಿ ತುಟ್ಟಿಯಾಗಿ ಬಡವರಿಗೆ ಬ್ರೆಡ್ಡು ಸಿಗದಂಗ ಆಗಿತ್ತು. ಅದ ವರ್ಷ ಸರ್ಕಾರ ತಲಿಪುಡಿ ಹಚ್ಚವರ ಮ್ಯಾಲೆ ವರ್ಷಕ್ಕ ಒಂದು ಗಿನಿ ತೆರಿಗಿ ಹಾಕಿತು. ಹೊಟ್ಟಿಗೆ ಇಲ್ಲದ ಗೋಧಿ ತಲಿಗೆ ಯಾಕ ಅಂತ ಎಷ್ಟೋ ಮಂದಿ ಪುಡಿ ಬಿಟ್ರು.

ಇದನ್ನ ಹೇಳೋವಾಗ ನನಗ ನಮ್ಮವ್ವನ ನೆನಪಾತು. ಅಪ್ಪ ಸಾಲಿ ಮಾಸ್ತರ. ಗಂಜಿ ಹಾಕಿದ ಬಿಳಿ ಧೋತರ ಇಲ್ಲದ ಹೊಸ್ತಿಲ ದಾಟತಿರಲಿಲ್ಲ. 1972ರ ಬರ ಬಿದ್ದಾಗ ನಾನು ಎರಡು ವರ್ಷದಾಕಿ. ಅನ್ನ ಬಸದ ಗಂಜಿಗೆ ಉಪ್ಪು ಹಾಕಿ ಅವ್ವ ನಮಗ, ಬಾಜೂ ಮನಿ ಹುಡುಗ್ರಿಗೆ ಕುಡಿಸತಿದ್ಲು. ಅಪ್ಪ ಆ ವರ್ಷಪೂರ್ತಿ ಮುದ್ದಿ ಧೋತರದಾಗನ ಸಾಲಿಗೆ ಹೋದ. ಯಾರೋ ಕೇಳಿದ್ದಕ್ಕ, "ಈ ವರ್ಷ ಗಂಜಿ ಹುಡುಗ್ರ ಹೊಟ್ಟ್ಯಾಗ ಐತಿ" ಅಂದಿದ್ದನಂತ.

ಬರ ಮುಗದ ಮ್ಯಾಲೂ ಅವ್ವ ಗಂಜಿ ಬಕೆಟ್ಟಿಗೆ ಸುರಿಯೂಕಿಂತ ಮೊದಲು, "ಯಾರಿಗರೆ ಕುಡ್ಯಾಕ ಬೇಕೇನ್ರೆ?" ಅಂತ ಒಂದು ಸಲ ಕೂಗತಿದ್ಲು. ಈಗ ನಾನೂ ಕೂಗತೀನಿ. ಎದುರು ಮನಿ ಸೊಸಿ ಸೀರಿ ತಂದ ದಿನ ಅಕಿ ಮಗಳು ಓಡಿ ಬಂದು ಒಂದು ವಾಟಗಾ ಕುಡದಳು. ಉಳದದ್ದನ್ನ ಸೋಸಿ, ತೆಳು ಮಾಡಿ ಸೀರಿ ಅದ್ದಿದ್ವಿ.