ಕೆಂಪು ಬಾವುಟದ ಕೆಳಗೆ ಕೋಟ್ಯಧೀಶರು



ಆರ್.ಟಿ. ನಗರದ ಒಂದು ಸಂಜೆ ತರಗತಿಯಲ್ಲಿ ಪಿ.ಯು. ಮಕ್ಕಳಿಗೆ ಇತಿಹಾಸ ಪಾಠ ನಡೆದಿತ್ತು. ರಷ್ಯಾದ ಕ್ರಾಂತಿ ಮುಗಿಸಿ ಚೀನಾಕ್ಕೆ ಬಂದಿದ್ದೆವು. 1949, ಮಾವೋ, ಜಮೀನ್ದಾರರ ಭೂಮಿ ರೈತರಿಗೆ, ಕಾರ್ಖಾನೆಗಳು ಸರ್ಕಾರಕ್ಕೆ ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಚೀನಾ ಕಮ್ಯುನಿಸ್ಟ್ ದೇಶ ಅಂತೀರಿ. ಪ್ರಪಂಚದ ದೊಡ್ಡ ಶ್ರೀಮಂತರ ಪಟ್ಟಿಯಲ್ಲಿ ಅಲ್ಲಿನವರೇ ಎಷ್ಟೊಂದು ಜನ ಇದ್ದಾರೆ. ಕೆಲವರು ಪಾರ್ಲಿಮೆಂಟಿನಲ್ಲೂ ಕೂತಿದ್ದಾರಂತೆ. ಅದು ಹೇಗೆ ಸರ್?" ಎಂದು ಕೇಳಿದ. ಅಂದು ನಾನು ಕೊಟ್ಟ ಉತ್ತರ ಅವನಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಈ ಲೇಖನ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ.

ಉತ್ತರ ಶುರುವಾಗಬೇಕಾದದ್ದು ಒಬ್ಬ ಮನುಷ್ಯನಿಂದ. ಅವರ ಹೆಸರು ರೊಂಗ್ ಯೀರೆನ್. 1916ರಲ್ಲಿ ಶಾಂಘೈ ಸಮೀಪದ ವೂಶಿ ಪಟ್ಟಣದಲ್ಲಿ ಹುಟ್ಟಿದವರು. ಅವರ ತಂದೆ ಮತ್ತು ದೊಡ್ಡಪ್ಪ ಹಿಟ್ಟಿನ ಗಿರಣಿ, ಹತ್ತಿ ಗಿರಣಿಗಳನ್ನು ಒಂದೊಂದಾಗಿ ಕಟ್ಟಿ ಚೀನಾದ ಅತಿ ದೊಡ್ಡ ಉದ್ಯಮ ಮನೆತನಗಳಲ್ಲಿ ಒಂದನ್ನು ಬೆಳೆಸಿದ್ದರು. ಆ ಕಾಲದ ಜನ ಈ ಮನೆಯವರನ್ನು ಹಿಟ್ಟಿನ ರಾಜರು, ಹತ್ತಿಯ ರಾಜರು ಎಂದೇ ಕರೆಯುತ್ತಿದ್ದರು. 1949ರಲ್ಲಿ ಕಮ್ಯುನಿಸ್ಟ್ ಸೇನೆ ಶಾಂಘೈಗೆ ಬಂದಾಗ ಹಣವಂತರು ಹಾಂಗ್‌ಕಾಂಗ್‌ಗೆ, ತೈವಾನ್‌ಗೆ, ಅಮೆರಿಕಕ್ಕೆ ಓಡಿದರು. ರೊಂಗ್ ಮನೆತನದವರೂ ಹಲವರು ಹೋದರು. ಯೀರೆನ್ ಮತ್ತು ಅವರ ತಂದೆ ಮಾತ್ರ ಊರು ಬಿಡಲಿಲ್ಲ.

ಹೊಸ ಸರ್ಕಾರ ಮೊದಲ ಕೆಲವು ವರ್ಷ ಇಂಥ ಉದ್ಯಮಿಗಳ ಕಾರ್ಖಾನೆಗಳನ್ನು ವಶಪಡಿಸಿಕೊಳ್ಳಲಿಲ್ಲ. ಅವರನ್ನು "ರಾಷ್ಟ್ರೀಯ ಬಂಡವಾಳಗಾರರು" ಎಂಬ ಬೇರೆ ಸಾಲಿನಲ್ಲಿಟ್ಟಿತು. ಗಿರಣಿ ನಡೆಸಲು ಗೊತ್ತಿದ್ದವರು ಅವರೇ ಅಲ್ಲವೇ? ಆಮೇಲೆ 1956ರಲ್ಲಿ ಎಲ್ಲ ಖಾಸಗಿ ಕಾರ್ಖಾನೆಗಳನ್ನೂ ಸರ್ಕಾರ ಮತ್ತು ಮಾಲೀಕರ ಜಂಟಿ ಸಂಸ್ಥೆಗಳಾಗಿ ಮಾಡಲಾಯಿತು. ಹೆಸರಿಗೆ ಜಂಟಿ, ಯಜಮಾನಿಕೆ ಸರ್ಕಾರದ್ದು. ಮಾಲೀಕರಿಗೆ ಅವರ ಬಂಡವಾಳದ ಲೆಕ್ಕ ಹಾಕಿ ವರ್ಷಕ್ಕೆ ಶೇ. 5ರ ನಿಗದಿತ ಬಡ್ಡಿ ಕೊಟ್ಟರು. ಪ್ರತಿಭಟಿಸದೆ ಗಿರಣಿಗಳನ್ನು ಒಪ್ಪಿಸಿದ ರೊಂಗ್ ಅವರಿಗೆ ಬಡ್ಡಿಯ ಜೊತೆಗೆ ಕುರ್ಚಿಯೂ ಸಿಕ್ಕಿತು. 1957ರಲ್ಲಿ ಶಾಂಘೈ ನಗರದ ಉಪಮೇಯರ್, 1959ರಲ್ಲಿ ಜವಳಿ ಖಾತೆಯ ಉಪಮಂತ್ರಿ. "ಕೆಂಪು ಬಂಡವಾಳಗಾರ" ಎಂಬ ಬಿರುದು ಅವರಿಗೆ ಅಂಟಿದ್ದು ಆ ವರ್ಷಗಳಲ್ಲಿ.

ಆ ಕುರ್ಚಿ ಎಷ್ಟು ಗಟ್ಟಿ ಎನ್ನುವುದು 1966ರಲ್ಲಿ ಗೊತ್ತಾಯಿತು. ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಬೀದಿಗಿಳಿದ ಕೆಂಪು ಕಾವಲುಪಡೆಯ ಹುಡುಗರು ಅವರ ಮನೆಗೆ ನುಗ್ಗಿದರು, ಗಂಡ ಹೆಂಡತಿ ಇಬ್ಬರನ್ನೂ ಹೊಡೆದರು. ಬಡ್ಡಿ ನಿಂತಿತು. ಮಂತ್ರಿಯಾಗಿದ್ದವರು ಕೂಲಿ ಕೆಲಸ ಮಾಡಬೇಕಾಯಿತು. ಪ್ರಧಾನಿ ಚೌ ಎನ್‌ಲಾಯ್ ರಕ್ಷಣೆಗೆ ನಿಂತದ್ದರಿಂದ ಜೀವ ಉಳಿಯಿತು ಎನ್ನುತ್ತಾರೆ.

ಮುಂದಿನ ಅಧ್ಯಾಯ 1979ರದು. ಮಾವೋ ತೀರಿಕೊಂಡಿದ್ದರು, ಖಜಾನೆ ಬರಿದಾಗಿತ್ತು, ಡೆಂಗ್ ಶಿಯಾವೋಪಿಂಗ್ ಅವರಿಗೆ ವಿದೇಶದ ಹಣ ಬೇಕಿತ್ತು. ಆ ವರ್ಷದ ಜನವರಿಯಲ್ಲಿ ಅವರು ಐವರು ಹಳೆಯ ಉದ್ಯಮಿಗಳನ್ನು ಊಟಕ್ಕೆ ಕರೆದರು. ಅವರಲ್ಲಿ ರೊಂಗ್ ಒಬ್ಬರು. ಅದೇ ಅಕ್ಟೋಬರ್‌ನಲ್ಲಿ ರೊಂಗ್ ಅವರ ನೇತೃತ್ವದಲ್ಲಿ ಸಿಟಿಕ್ ಎಂಬ ಸರ್ಕಾರಿ ಹೂಡಿಕೆ ಸಂಸ್ಥೆ ಹುಟ್ಟಿತು. 1982ರಲ್ಲಿ ಅದು ಜಪಾನಿನಲ್ಲಿ ಬಾಂಡ್ ಮಾರಿ 1000 ಕೋಟಿ ಯೆನ್ ತಂದಿತು. ಸಾಲ ಮಾಡುವುದೇ ಬಂಡವಾಳಶಾಹಿಗಳ ರೋಗ ಎಂದು ನಂಬಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. 1993ರಲ್ಲಿ ರೊಂಗ್ ಚೀನಾದ ಉಪರಾಷ್ಟ್ರಪತಿಯಾದರು, 1998ರವರೆಗೆ ಇದ್ದರು. ಹಿಟ್ಟಿನ ಗಿರಣಿಯ ಮಗ, ಕಾರ್ಮಿಕರ ರಾಜ್ಯದ ಉಪರಾಷ್ಟ್ರಪತಿ! ಆದರೆ ಆ ಹುದ್ದೆಗೆ ಗೌರವವಿತ್ತು, ಅಧಿಕಾರ ಕಡಿಮೆ. ಅಧಿಕಾರವಿದ್ದದ್ದು ಪಕ್ಷದ ಪಾಲಿಟ್‌ಬ್ಯೂರೊದಲ್ಲಿ. ಅಲ್ಲಿ ಅವರು ಎಂದೂ ಕೂತವರಲ್ಲ.

ಈ ಕಥೆಗೆ ಒಂದು ಬಾಲವಿದೆ. 2005ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಹೊರಬಿದ್ದ ಸಂಗತಿ: ಪಕ್ಷದ ಹೊರಗಿನವರು, ಉದ್ಯಮಿಗಳ ಪ್ರತಿನಿಧಿ ಎಂದು ಜಗತ್ತಿಗೆ ತೋರಿಸಿದ್ದ ಈ ವ್ಯಕ್ತಿ 1985ರಲ್ಲೇ ಗುಟ್ಟಾಗಿ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ಇಪ್ಪತ್ತು ವರ್ಷ ಆ ಗುಟ್ಟು ಗುಟ್ಟಾಗಿಯೇ ಇತ್ತು. ಉದ್ಯಮಿಯೊಬ್ಬರು ಪಕ್ಷವನ್ನು ಪ್ರವೇಶಿಸಿದರೋ, ಪಕ್ಷವೇ ಉದ್ಯಮಿಯೊಳಗೆ ಪ್ರವೇಶಿಸಿತೋ, ನೀವೇ ಯೋಚಿಸಿ.

ರೊಂಗ್ ಒಬ್ಬರಿಗೆ ಗುಟ್ಟಾಗಿ ತೆರೆದ ಬಾಗಿಲು ಉಳಿದವರಿಗೆ ತೆರೆದದ್ದು ತಡವಾಗಿ. 1989ರ ತಿಯಾನನ್‌ಮೆನ್ ಘಟನೆಯ ನಂತರ ಖಾಸಗಿ ಮಾಲೀಕರನ್ನು ಪಕ್ಷಕ್ಕೆ ಸೇರಿಸಿಕೊಳ್ಳಬಾರದೆಂದು ಆಜ್ಞೆಯೇ ಹೊರಟಿತ್ತು. ಆದರೂ ಅಷ್ಟು ಹೊತ್ತಿಗೆ ಪಕ್ಷದ ಸದಸ್ಯರೇ ಎಷ್ಟೋ ಮಂದಿ ವ್ಯಾಪಾರಕ್ಕೆ ಇಳಿದಿದ್ದರು, ಊರಿನ ಕಾರ್ಖಾನೆಗಳನ್ನು ಕೊಂಡುಕೊಂಡಿದ್ದರು. 2001ರ ಜುಲೈ 1ರಂದು ಪಕ್ಷದ 80ನೇ ವಾರ್ಷಿಕೋತ್ಸವದಲ್ಲಿ ಚಿಯಾಂಗ್ ಜೆಮಿನ್ ಅವರು ಖಾಸಗಿ ಉದ್ಯಮಿಗಳಲ್ಲಿ ಯೋಗ್ಯರಾದವರನ್ನು ಸೇರಿಸಿಕೊಳ್ಳಬಹುದು ಎಂದರು. ಹಳೆಯ ಕಾರ್ಯಕರ್ತರು ಕೆಲವರು ಬಹಿರಂಗ ಪತ್ರ ಬರೆದು ಜಗಳವಾಡಿದರು. ಆ ಜಗಳಕ್ಕೆ ಜಾಗ ಕೊಟ್ಟ ಪತ್ರಿಕೆಗಳು ಮುಚ್ಚಿದವು. 2002ರ ನವೆಂಬರ್‌ನಲ್ಲಿ ಪಕ್ಷದ ನಿಯಮಾವಳಿ ತಿದ್ದುಪಡಿಯಾಯಿತು, 2004ರಲ್ಲಿ ಸಂವಿಧಾನಕ್ಕೆ ಖಾಸಗಿ ಆಸ್ತಿಯ ರಕ್ಷಣೆ ಸೇರಿತು.

ಅಲ್ಲಿಂದ ಮುಂದೆ ಶ್ರೀಮಂತರ ಸಾಲು ಬೆಳೆಯಿತು. 2018ರಲ್ಲಿ ಚೀನಾದ ಸಂಸತ್ತು ಮತ್ತು ಅದರ ಸಲಹಾ ಮಂಡಳಿ ಎರಡರಲ್ಲೂ ಸೇರಿ ನೂರೈವತ್ತಕ್ಕೂ ಹೆಚ್ಚು ಮಹಾ ಶ್ರೀಮಂತರಿದ್ದಾರೆಂದು ಹುರುನ್ ಪಟ್ಟಿ ಎಣಿಸಿತು. ಹುಡುಗ ಕೇಳಿದ್ದು ನಿಜ. ಆದರೆ ಆ ಸಂಸತ್ತಿನಲ್ಲಿ ಸುಮಾರು 3000 ಸದಸ್ಯರು, ಪೂರ್ಣ ಅಧಿವೇಶನ ವರ್ಷಕ್ಕೊಮ್ಮೆ ಕೆಲವೇ ದಿನ, ಸರ್ಕಾರ ಮಂಡಿಸಿದ ಮಸೂದೆ ಅಲ್ಲಿ ಬಿದ್ದುಹೋದದ್ದಿಲ್ಲ. ಇಂಥ ಕುರ್ಚಿಗಾಗಿ ಯಾರು ದುಡ್ಡು ಕೊಡುತ್ತಾರೆ?

ಕೊಟ್ಟರು. ಹುನಾನ್ ಪ್ರಾಂತ್ಯದ ಹೆಂಗ್‌ಯಾಂಗ್ ನಗರದಲ್ಲಿ 2013ರಲ್ಲಿ ಬಯಲಾದ ಪ್ರಕರಣ ಕೇಳಿ. ಪ್ರಾಂತೀಯ ಸಭೆಗೆ ಆಯ್ಕೆಯಾಗಲು 56 ಮಂದಿ ಸೇರಿ ನಗರಸಭೆಯ ಸದಸ್ಯರಿಗೆ ಹಂಚಿದ ಹಣ 11 ಕೋಟಿ ಯುವಾನ್. ಸಭೆಯಲ್ಲಿದ್ದ 527 ಸದಸ್ಯರಲ್ಲಿ 518 ಮಂದಿ ಲಂಚ ಪಡೆದಿದ್ದರು. ಉಳಿದ ಒಂಬತ್ತು ಮಂದಿಯ ಬಗ್ಗೆ ಯಾರಾದರೂ ಒಂದು ಪುಸ್ತಕ ಬರೆಯಬೇಕು! 2016ರಲ್ಲಿ ಲಿಯಾವೊನಿಂಗ್ ಪ್ರಾಂತ್ಯದಿಂದ ಸಂಸತ್ತಿಗೆ ಹೋಗಿದ್ದ 45 ಮಂದಿಯನ್ನು ಮತ ಖರೀದಿಗಾಗಿ ಹೊರಹಾಕಿದರು. ಅವರಲ್ಲೂ ಉದ್ಯಮಿಗಳೇ ಬಹಳ.

ಕಾರಣ ಸರಳ. ಸದಸ್ಯನನ್ನು ಸಭೆಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಬ್ಯಾಂಕಿನ ಮ್ಯಾನೇಜರ್ ಎದ್ದು ನಿಲ್ಲುತ್ತಾನೆ. ಜಮೀನಿನ ಕಡತ ಮೇಜಿನಿಂದ ಮೇಜಿಗೆ ಬೇಗ ಸರಿಯುತ್ತದೆ. ರೋರಿ ಟ್ರೂಯೆಕ್ಸ್ ಎಂಬ ಅಮೆರಿಕನ್ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಸತ್ ಸದಸ್ಯರಾದ ಮುಖ್ಯಸ್ಥರಿರುವ ಕಂಪನಿಗಳ ಷೇರುಗಳಿಗೆ ವರ್ಷಕ್ಕೆ ಸುಮಾರು ಶೇ. 1.5ರಷ್ಟು ಹೆಚ್ಚಿನ ಲಾಭ ಕಂಡುಬಂತು. ಕಾನೂನು ಮಾಡುವ ಅಧಿಕಾರವಲ್ಲ ಅದು. ಮಳೆಗೆ ಹಿಡಿದ ಕೊಡೆ.

ಈಗ ನಮ್ಮ ಕರಾವಳಿಗೆ ಬನ್ನಿ. ಕಮ್ಯುನಿಸ್ಟ್ ಸರ್ಕಾರವೂ ಹಣವಂತರೂ ಎದುರಾಬದುರಾದ ಕಥೆ ನಮ್ಮ ಕರ್ನಾಟಕದ ಗಡಿಯಲ್ಲೇ ನಡೆದಿದೆ, ಅದು ಚೀನಾದ ಕಥೆಯನ್ನು ಅರ್ಥ ಮಾಡಿಕೊಳ್ಳಲು ಬಹಳ ಸಹಾಯ ಮಾಡುತ್ತದೆ. 1966ರಲ್ಲಿ ಕೇಂದ್ರ ಸರ್ಕಾರ ಬೀಡಿ ಕಾರ್ಮಿಕರಿಗಾಗಿ ಒಂದು ಕಾಯಿದೆ ಮಾಡಿತು. ಕೆಲಸದ ವೇಳೆ, ರಜೆ, ಕೆಲಸದ ಜಾಗದ ಸೌಕರ್ಯ ಎಲ್ಲವೂ ಅದರಲ್ಲಿದ್ದವು. ಅದನ್ನು ಜಾರಿಗೆ ತರಬೇಕಾದವರು ರಾಜ್ಯಗಳು. ಇ.ಎಂ.ಎಸ್. ನಂಬೂದಿರಿಪಾಡ್ ಅವರ ಎರಡನೇ ಸರ್ಕಾರ 1968ರಲ್ಲಿ ಕೇರಳದಲ್ಲಿ ಜಾರಿಗೆ ತಂದಿತು. ಕಣ್ಣೂರು ಜಿಲ್ಲೆಯಲ್ಲಿ (ಆಗ ಕಾಸರಗೋಡೂ ಅದರ ಭಾಗ) ಸಾವಿರಾರು ಮಂದಿಗೆ ಬೀಡಿ ಕಟ್ಟುವ ಕೆಲಸ ಕೊಡುತ್ತಿದ್ದದ್ದು ಮಂಗಳೂರಿನ ಕಂಪನಿಗಳು. ಅವುಗಳಲ್ಲಿ ದೊಡ್ಡದಾದ ಗಣೇಶ್ ಬೀಡಿ 1968ರ ಅಕ್ಟೋಬರ್‌ನಲ್ಲಿ ಅಲ್ಲಿನ ಶಾಖೆಗಳನ್ನು ಮುಚ್ಚಿತು. ಸುಮಾರು 12,000 ಮಂದಿಯ ಕೆಲಸ ಹೋಯಿತು.

ಇದನ್ನು ಗಮನಿಸಿ. ಮಂಗಳೂರಿನ ಮಾಲೀಕರಿಗೆ ತಿರುವನಂತಪುರದ ಸಭೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಇದ್ದದ್ದು ಬಾಗಿಲು. ಆ ಬಾಗಿಲು ಮುಚ್ಚಿ, ಕೇರಳದ ಕಾನೂನು ತಲುಪದ ನಮ್ಮ ಕಡೆ ಕೆಲಸ ನಡೆಸಬಹುದಿತ್ತು. ಈ ಕಡೆ, ದಕ್ಷಿಣ ಕನ್ನಡದ ಮನೆಮನೆಗಳಲ್ಲಿ, ಬಡ ಮುಸ್ಲಿಂ ಮನೆಗಳೂ ಸೇರಿದಂತೆ, ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಬೇಕಾದಷ್ಟಿದ್ದರು. ಅತ್ತ ಕಣ್ಣೂರಿನಲ್ಲಿ ಕೆಲಸ ಕಳೆದುಕೊಂಡವರು ಸುಮ್ಮನೆ ಕೂರಲಿಲ್ಲ. ಸರ್ಕಾರದ ನೆರವಿನಿಂದ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ಮುಂದೆ ಅದು ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿತು. ಮಾಲೀಕನ ಬಾಗಿಲಿಗೆ ಕಾರ್ಮಿಕರು ಕೊಟ್ಟ ಉತ್ತರ ಅದು. ನಮ್ಮ ಕಡೆಯ ಹೆಂಗಸರಿಗೆ ಅಂಥ ಉತ್ತರ ಕೊಡುವ ದಾರಿ ಯಾರೂ ತೋರಿಸಲಿಲ್ಲ ಎಂಬುದು ನನ್ನ ಕೊರಗು.

ನಲವತ್ತು ವರ್ಷಗಳ ನಂತರ ಎಡರಂಗದ ಪಶ್ಚಿಮ ಬಂಗಾಳದಲ್ಲೂ ಅದೇ ಬಾಗಿಲು. ಸಿಂಗೂರಿನಲ್ಲಿ ರೈತರ ಭೂಮಿಯ ವಿವಾದವೆದ್ದಾಗ ಟಾಟಾ ಕಂಪನಿ 2008ರಲ್ಲಿ ತನ್ನ ಸಣ್ಣ ಕಾರಿನ ಕಾರ್ಖಾನೆಯನ್ನು ಗುಜರಾತಿಗೆ ಒಯ್ದಿತು. ಸರ್ಕಾರ ಅವರನ್ನು ಉಳಿಸಿಕೊಳ್ಳಲು ಬಯಸಿದ್ದರೂ ಆಗಲಿಲ್ಲ.

ನಮ್ಮಲ್ಲಿ ಕುರ್ಚಿ ಮತ್ತು ಬಾಗಿಲು ಎರಡೂ ಒಬ್ಬರ ಕೈಗೇ ಸಿಗುವುದುಂಟು. ವಿಜಯ್ ಮಲ್ಯ ಅವರನ್ನು ಕರ್ನಾಟಕದ ಶಾಸಕರು 2002ರಲ್ಲೂ 2010ರಲ್ಲೂ ರಾಜ್ಯಸಭೆಗೆ ಕಳುಹಿಸಿದರು. ಬ್ಯಾಂಕುಗಳು ಸಾಲ ಕೇಳುತ್ತಿದ್ದಾಗ, 2016ರ ಮಾರ್ಚ್‌ನಲ್ಲಿ, ಸಂಸತ್ ಸದಸ್ಯರಾಗಿದ್ದುಕೊಂಡೇ ಅವರು ದೇಶ ಬಿಟ್ಟು ಹೋದರು. ಹಾಗಿದ್ದರೂ ನಮ್ಮ ಕೈಯಲ್ಲಿ ಚೀನಾದವರಿಗಿಲ್ಲದ ಒಂದು ಹಾಳೆಯಿದೆ. 2003ರಿಂದ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಹೆಬ್ಬಾಳದ, ಯಲಹಂಕದ, ಬ್ಯಾಟರಾಯನಪುರದ ಅಭ್ಯರ್ಥಿಗಳು ಸಲ್ಲಿಸಿದ ಪ್ರಮಾಣಪತ್ರಗಳನ್ನು ನಮ್ಮ ವಿದ್ಯಾರ್ಥಿಗಳು ಒಂದು ಸಂಜೆ ಕೂತು ಓದಬಹುದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಜಮೀನಿಗೆ ಏನಾಯಿತೆಂದು ಕಣ್ಣಾರೆ ಕಂಡ ಹಿರಿಯರು ಪಕ್ಕದಲ್ಲಿ ಕೂತರೆ ಪಾಠ ಇನ್ನೂ ಚೆನ್ನಾಗಿರುತ್ತದೆ.

ಚೀನಾದ ಶ್ರೀಮಂತರಿಗೆ ಕುರ್ಚಿಯಿದೆ, ಬಾಗಿಲಿಲ್ಲ. ಬೀಜಿಂಗ್‌ನ ರಿಯಲ್ ಎಸ್ಟೇಟ್ ಉದ್ಯಮಿ ರೆನ್ ಝಿಚಿಯಾಂಗ್ ಪಕ್ಷದ ಹಳೆಯ ಸದಸ್ಯರಾಗಿದ್ದವರು, ಪಕ್ಷದ ದೊಡ್ಡ ಮನೆತನದವರು. ಕೋವಿಡ್ ಸಮಯದಲ್ಲಿ ನಾಯಕತ್ವವನ್ನು ಟೀಕಿಸಿ ಬರೆದರು. 2020ರ ಸೆಪ್ಟೆಂಬರ್‌ನಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಅವರಿಗೆ 18 ವರ್ಷ ಜೈಲು ಶಿಕ್ಷೆಯಾಯಿತು. ಅಲಿಬಾಬಾದ ಜ್ಯಾಕ್ ಮಾ ಕೂಡ ಪಕ್ಷದ ಸದಸ್ಯರೆಂದು 2018ರಲ್ಲಿ ಪಕ್ಷದ ಪತ್ರಿಕೆಯೇ ತಿಳಿಸಿತ್ತು. 2020ರ ಅಕ್ಟೋಬರ್ 24ರಂದು ಶಾಂಘೈನ ಸಭೆಯೊಂದರಲ್ಲಿ ಅವರು ಸರ್ಕಾರಿ ಬ್ಯಾಂಕುಗಳನ್ನೂ ನಿಯಂತ್ರಕರನ್ನೂ ಟೀಕಿಸಿದರು. ಅವರ ಆ್ಯಂಟ್ ಕಂಪನಿಯ ಷೇರು ಬಿಡುಗಡೆ ಜಗತ್ತಿನಲ್ಲೇ ಅತಿ ದೊಡ್ಡದಾಗಬೇಕಿತ್ತು. ನವೆಂಬರ್ 3ರಂದು, ಎರಡೇ ದಿನ ಬಾಕಿಯಿರುವಾಗ, ಅದನ್ನು ತಡೆಯಲಾಯಿತು. ಮರುವರ್ಷ ಅಲಿಬಾಬಾಕ್ಕೆ 1820 ಕೋಟಿ ಯುವಾನ್ ದಂಡ ಬಿತ್ತು.

2025ರ ಫೆಬ್ರವರಿ 17ರಂದು ಅಧ್ಯಕ್ಷ ಶಿ ಜಿನ್‌ಪಿಂಗ್ ದೇಶದ ದೊಡ್ಡ ಉದ್ಯಮಿಗಳನ್ನು ಬೀಜಿಂಗ್‌ಗೆ ಕರೆಸಿದರು. ಆರ್ಥಿಕತೆ ಮಂದವಾಗಿತ್ತು, 1979ರಂತೆಯೇ ಉದ್ಯಮಿಗಳು ಮತ್ತೆ ಬೇಕಾಗಿದ್ದರು. ಜ್ಯಾಕ್ ಮಾ ಮುಂದಿನ ಸಾಲಿನಲ್ಲಿ ಕೂತಿದ್ದರು, ಅಧ್ಯಕ್ಷರು ಅವರ ಕೈ ಕುಲುಕಿದರು. ಅಂದು ಆರು ಉದ್ಯಮಿಗಳು ಮಾತನಾಡಿದರು. ಅವರಲ್ಲಿ ಜ್ಯಾಕ್ ಮಾ ಇರಲಿಲ್ಲ.